ಎಲ್ಡನ್ ರುಸ್ತಾಡನ ನಾನೂರ ಎಂಬತ್ತು ಗುಂಡು

ನಮ್ಮ ಅಂಚೆ ಕಚೇರಿಯಲ್ಲಿ ಒಂದು ಬಗೆಯ ಡಬ್ಬಿ ಇದೆ. ಒಳಗೆ ಏನು ತುಂಬಿದರೂ, ಎಷ್ಟು ತುಂಬಿದರೂ ಒಂದೇ ದರ. ಎಪ್ಪತ್ತು ಪೌಂಡ್ ಮೀರಬಾರದು ಅಷ್ಟೆ. ಜನ ಅದರಲ್ಲಿ ಪುಸ್ತಕ ಕಳಿಸುತ್ತಾರೆ, ಮೊಮ್ಮಕ್ಕಳಿಗೆ ಬಟ್ಟೆ ಕಳಿಸುತ್ತಾರೆ. ಎಲ್ಡನ್ ರುಸ್ತಾಡ್ ಅದರಲ್ಲಿ ಸೀಸ ತರಿಸುತ್ತಿದ್ದ. ನೋಡಲು ಎರಡು ಬ್ರೆಡ್ ಪೊಟ್ಟಣದಷ್ಟು, ಎತ್ತಲು ಹೋದರೆ ಅರವತ್ತೈದು ಪೌಂಡ್. ಮೊದಲ ಸಲ ಅದನ್ನು ಗಾಡಿಯಿಂದ ಇಳಿಸಲು ಹೋಗಿ ನನ್ನ ಬೆನ್ನು ಹಿಡಿದುಕೊಂಡಿತು. ಒಂದು ವಾರ ಕೂತಲ್ಲಿಂದಲೇ ಅಂಚೆ ವಿಂಗಡಿಸಿದೆ.

"ಹೊರಗಡೆ 'ಭಾರ' ಅಂತ ಬರೆಸಬಾರ್ದಾ ಎಲ್ಡನ್?" ಎಂದು ಕೇಳಿದೆ.

"ಬರೆದಿದ್ದಾರಲ್ಲ, ಬರ್ನೀಸ್. ಕೆಳಗಡೆ."

"ಕೆಳಗಡೆ ಬರೆದ್ರೆ ಎತ್ತಿದ ಮೇಲಲ್ವಾ ಓದೋದು?"

ಅವನು ಡಬ್ಬಿಯನ್ನು ಮಗುಚಿ ನೋಡಿ, ನನ್ನ ಮಾತು ನಿಜವೆಂದು ಒಪ್ಪಿಕೊಂಡ. ಎಲ್ಡನ್ ಹಾಗೆಯೇ. ಸರಿ ಕಂಡದ್ದನ್ನು ಸರಿ ಎನ್ನಲು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಒಂದೇ ಸಲ, ಆ ಗುಂಡುಗಳ ವಿಷಯದಲ್ಲಿ.

ಮೊಂಟಾನಾದಲ್ಲಿ ಗೋಧಿ ಬೆಳೆಯುವ ಊರು ನಮ್ಮದು, ಹೆಸರು ಹಾವ್ಲಿನ್. ಇಲ್ಲಿನ ಗೋಧಿ ಗೋದಾಮಿನಲ್ಲಿ ಎಲ್ಡನ್ ಮೂವತ್ತೊಂದು ವರ್ಷ ತೂಕದ ಮನೆಯಲ್ಲಿ ಕೂತಿದ್ದ. ಸುಗ್ಗಿಯಲ್ಲಿ ಲಾರಿಗಳು ಸಾಲಾಗಿ ಬರುತ್ತಿದ್ದವು. ತುಂಬಿದ ಲಾರಿ ತೂಗಿ, ಖಾಲಿ ಲಾರಿ ತೂಗಿ, ಚೀಟಿ ಬರೆದು ಕಿಟಕಿಯಿಂದ ಕೈ ಚಾಚುತ್ತಿದ್ದ. ಆ ಚೀಟಿಯ ಬಗ್ಗೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಮಳೆಯ ಬಗ್ಗೆ, ಸರ್ಕಾರದ ಬಗ್ಗೆ, ಹೆಂಡತಿಯ ತಮ್ಮಂದಿರ ಬಗ್ಗೆ ದೂರುತ್ತಿದ್ದ ರೈತರು ಕೂಡ ಎಲ್ಡನ್‌ನ ಚೀಟಿಯನ್ನು ಮಡಿಚಿ ಜೇಬಿಗಿಟ್ಟು ಸುಮ್ಮನೆ ಹೋಗುತ್ತಿದ್ದರು. ನಿವೃತ್ತನಾದ ದಿನ ಗೋದಾಮಿನವರು ಅವನಿಗೊಂದು ಹಿತ್ತಾಳೆಯ ತಕ್ಕಡಿ ಕೊಟ್ಟರು. ಬೇರೆಯವರಾಗಿದ್ದರೆ ಅದನ್ನು ಕಪಾಟಿನ ಮೇಲೆ ಅಲಂಕಾರಕ್ಕೆ ಇಡುತ್ತಿದ್ದರು. ಎಲ್ಡನ್ ಅದರಲ್ಲಿ ಬೆಳಗಿನ ಕಾಫಿ ಪುಡಿ ತೂಗಲು ಶುರು ಮಾಡಿದ.

"ಮದುವೆಯಾಗಿ ನಲವತ್ತು ವರ್ಷ ಚಮಚದಲ್ಲಿ ಹಾಕಿದ ಕಾಫಿ ಕುಡಿದಿದ್ದಾನೆ," ಎಂದು ಅವನ ಹೆಂಡತಿ ಲವೋನ್ ಬೇಲಿಯಾಚೆಯಿಂದ ನನಗೆ ಹೇಳಿದಳು. "ಈಗ ಅದೆಲ್ಲ ಅಂದಾಜು ಕಾಫಿ ಅಂತೆ."

ಲವೋನ್‌ಗೆ ಅವನನ್ನು ಅಡುಗೆಮನೆಯಿಂದ ಹೊರಗೆ ಅಟ್ಟಬೇಕಿತ್ತು. ಎಲ್ಡನ್‌ನ ಅಪ್ಪನದೊಂದು ಹಳೇ ಬಂದೂಕಿತ್ತು, ನಳಿಗೆಯ ಬಾಯಿಂದಲೇ ಮದ್ದು ಸುರಿದು ಗುಂಡು ಗಿಡಿಯುವಂಥದು. ಊರಿನಲ್ಲಿ ಇಂಥ ಬಂದೂಕು ಇಟ್ಟುಕೊಂಡವರದ್ದೇ ಒಂದು ಕ್ಲಬ್ಬು. ಹನ್ನೆರಡು ಜನ. ಪ್ರತಿ ಜೂನ್ ತಿಂಗಳು ಪಕ್ಕದ ಡ್ರೆಸ್ಕೆಲ್ ಊರಿನವರೊಂದಿಗೆ ಪಂದ್ಯ. ಕಬ್ಬಿಣದ ತಗಡಿನಲ್ಲಿ ಕತ್ತರಿಸಿದ ಪ್ರಾಣಿಗಳನ್ನು ದೂರದಲ್ಲಿ ನಿಲ್ಲಿಸಿ ಉರುಳಿಸಬೇಕು. ಒಬ್ಬೊಬ್ಬರಿಗೆ ಹತ್ತು ಕೋಳಿ, ಹತ್ತು ಹಂದಿ, ಹತ್ತು ಟರ್ಕಿ, ಹತ್ತು ಟಗರು. ಒಟ್ಟು ನಲವತ್ತು ಗುಂಡು. ಗುಂಡುಗಳನ್ನು ಮನೆಯಲ್ಲೇ ಎರಕ ಹೊಯ್ದಿರಬೇಕು, ಅಂಗಡಿಯದು ನಡೆಯದು.

ಆ ವರ್ಷ ಕ್ಲಬ್ಬಿನ ಹಿರಿಯ ಗುನ್ನಾರ್, "ಹನ್ನೆರಡು ಜನ ಹನ್ನೆರಡು ಥರ ಎರಕ ಹೊಯ್ದ್ರೆ ಆಗಲ್ಲ, ಎಲ್ರಿಗೂ ಒಬ್ಬನೇ ಮಾಡ್ಲಿ," ಎಂದ. ಎಲ್ಲರೂ ಎಲ್ಡನ್ ಕಡೆ ನೋಡಿದರು. ಹನ್ನೆರಡು ನಲವತ್ತಲ ನಾನೂರ ಎಂಬತ್ತು. ಅಳತೆಯ ಕೆಲಸ ಬೇರೆ ಯಾರಿಗೆ ಕೊಡುತ್ತಾರೆ?

ಹಿತ್ತಲಿನ ಶೆಡ್ಡಿನಲ್ಲಿ ಒಲೆ ಹೂಡಿದ. ದೂರದ ಟೈರ್ ಅಂಗಡಿಯಿಂದ ಚಕ್ರಕ್ಕೆ ಸಿಕ್ಕಿಸುವ ಸೀಸದ ತುಂಡನ್ನು ಆ ಅಂಚೆ ಡಬ್ಬಿಯಲ್ಲಿ ತರಿಸಿದ, ಮುಚ್ಚಿಹೋದ ನಮ್ಮೂರ ಪತ್ರಿಕೆಯ ಹಳೇ ಅಚ್ಚುಮೊಳೆ ತಂದ, ಎರಡನ್ನೂ ಒಂದೇ ಪಾತ್ರೆಯಲ್ಲಿ ಕರಗಿಸಿದ. ಸೌಟಿನಿಂದ ಅಚ್ಚಿಗೆ ಹೊಯ್ಯಬೇಕು, ಗಟ್ಟಿಯಾಗಲು ಬಿಡಬೇಕು, ಅಚ್ಚು ತೆರೆದು ಗುಂಡನ್ನು ಬಟ್ಟೆಯ ಮೇಲೆ ಉದುರಿಸಬೇಕು. ಸುಕ್ಕು ಬಿದ್ದದ್ದು, ಅರೆಬರೆ ತುಂಬಿದ್ದು ಪಾತ್ರೆಗೆ ವಾಪಸ್. ಕೆಲಸ ಮುಗಿಸಿ ಮನೆಗೆ ಬರುವಾಗ ಬಾಗಿಲಲ್ಲೇ ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕೆಂದು ಲವೋನ್ ಕಟ್ಟಪ್ಪಣೆ ಮಾಡಿದ್ದಳು. ನವೆಂಬರಿನ ಚಳಿಯಲ್ಲಿ ಬನಿಯನ್ನಿನಲ್ಲಿ ನಿಂತು ಕೈ ತೊಳೆಯುತ್ತಿದ್ದ ಅವನನ್ನು ನಾನು ನಮ್ಮ ಅಡುಗೆಮನೆ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ.

ಎರಕ ಚೆನ್ನಾಗಿಯೇ ಬರುತ್ತಿತ್ತು. ತಪ್ಪುತ್ತಿದ್ದದ್ದು ಎಣಿಕೆ. ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ನಿಂತೆ.

"ನೂರ ಎಂಟು," ಎಂದ ಎಲ್ಡನ್, ನನ್ನ ಕಡೆ ನೋಡದೆ.

"ಲವೋನ್ ಇದ್ದಾಳಾ?"

"ನೂರ ಒಂಬತ್ತು. ಒಳಗಿದ್ದಾಳೆ."

"ಮೂರು ಗಂಟೆಗೆ ಬರ್ತೀನಿ ಅಂತ ಹೇಳ್ಬಿಡು."

"ಮೂರು ಗಂಟೆಗೆ, ಸರಿ. ನಾಲ್ಕು. ಐದು. ಆರು..."

ಅಚ್ಚು ಹಿಡಿದ ಕೈ ಅಲ್ಲೇ ನಿಂತಿತು. "ಬರ್ನೀಸ್," ಎಂದ ಮೆಲ್ಲಗೆ, "ನೀನು ಫೋನ್ ಮಾಡ್ಬಹುದಿತ್ತು."

ಮುಗಿದ ಮೇಲೆ ಎಣಿಸಿದರಾಯಿತಲ್ಲ ಎಂದು ನಾನೆಂದೆ. ಅದನ್ನೂ ಮಾಡಿದ್ದನಂತೆ. ಒಂದೇ ರಾಶಿಯನ್ನು ಮೂರು ಸಲ ಎಣಿಸಿ ಮೂರು ಸಂಖ್ಯೆ ಬಂದಿತ್ತು. ಗುಂಡಗಿನ ವಸ್ತು, ಉರುಳುತ್ತದೆ. ಎಣಿಸಿದ್ದು ಎಣಿಸದ್ದರ ಜೊತೆ ಹೋಗಿ ಸೇರುತ್ತದೆ.

ಆಮೇಲೆ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯತೊಡಗಿದ. ಸುಕ್ಕು ಬಿದ್ದ ಗುಂಡು ಪಾತ್ರೆಗೆ ವಾಪಸ್ ಹೋದಾಗ ಒಂದು ಗೀಟು ಅಳಿಸಬೇಕು. ಒಂದು ದಿನ ಹೊಯ್ದದ್ದಕ್ಕಿಂತ ಅಳಿಸಿದ್ದು ಹೆಚ್ಚಾಗಿ, ಲೆಕ್ಕದ ಪ್ರಕಾರ ಅವನ ಬಳಿ ಸೊನ್ನೆಗಿಂತ ನಾಲ್ಕು ಗುಂಡು ಕಡಿಮೆಯಿತ್ತು.

ಮೂರನೆಯ ಉಪಾಯಕ್ಕೆ ಲವೋನ್‌ನ ಹೆಣಿಗೆ ಬುಟ್ಟಿಗೆ ಕೈ ಹಾಕಿದ. ಹೆಣಿಗೆಯ ಸಾಲು ಲೆಕ್ಕ ಇಡಲು ಒಂದು ಪುಟ್ಟ ಯಂತ್ರವಿರುತ್ತದೆ. ಗುಂಡಿ ಒತ್ತಿದರೆ ಟಿಕ್ ಎಂದು ಒಂದು ಸಂಖ್ಯೆ ಮುಂದೆ ಹೋಗುತ್ತದೆ. ಅದನ್ನು ಮಧ್ಯಾಹ್ನ ಒಯ್ದು, ಸಂಜೆ ಇದ್ದಲ್ಲೇ ಇಟ್ಟ. ತನ್ನ ಎಣಿಕೆಗೆಂದು ಸೊನ್ನೆಗೆ ತಿರುಗಿಸಿದ್ದ ಸಂಖ್ಯೆಯನ್ನು ಮಾತ್ರ ಮೊದಲಿನಂತೆ ಮಾಡಿಡಲು ಮರೆತ, ಅದು ಹೆಣೆದ ಸಾಲಿಗಿಂತ ಬಹಳ ಹಿಂದಿತ್ತು. ಲವೋನ್ ಆಗ ನಮ್ಮ ಚರ್ಚಿನ ಪಾಸ್ಟರ್ ಮಾರ್ಗಿಟ್‌ಗೆ ಕ್ರಿಸ್‌ಮಸ್ಸಿಗೆಂದು ಸ್ವೆಟರ್ ಹೆಣೆಯುತ್ತಿದ್ದಳು. ಟಿವಿ ನೋಡುತ್ತಾ, ಯಂತ್ರ ಹೇಳಿದಷ್ಟು ಹೆಣೆಯುವುದು ಅವಳ ಕ್ರಮ. ಒಂದು ತೋಳು ಮಣಿಕಟ್ಟಿಗೆ ಬಂತು. ಇನ್ನೊಂದು ಮೊಣಕಾಲಿಗೆ ಬಂತು.

"ಬಿಚ್ಚಿ ಹೆಣೆಯೋಕೆ ಟೈಮಿಲ್ಲ," ಎಂದು ಲವೋನ್ ಆ ತೋಳನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿದಳು. "ಏನು ಹೇಳ್ಲಿ ಅವರಿಗೆ?"

"ಮಡಚಿಕೊಳ್ಳಿ ಅಂತ ಹೇಳು," ಎಂದ ಎಲ್ಡನ್.

"ನಿನ್ನನ್ನ ಮಡಚಿಡ್ತೀನಿ."

ಪಾಸ್ಟರ್ ಮಾರ್ಗಿಟ್ ಆರಡಿ ಎತ್ತರದ, ಗಟ್ಟಿ ಧ್ವನಿಯ ಹೆಂಗಸು. ಆ ಸ್ವೆಟರ್ ಹಾಕಿಕೊಂಡೇ ಕ್ರಿಸ್‌ಮಸ್ ಪ್ರಾರ್ಥನೆ ನಡೆಸಿದರು. ಆಶೀರ್ವಾದಕ್ಕೆ ಕೈ ಎತ್ತಿದಾಗ ಮಡಚಿದ್ದ ತೋಳು ಬಿಚ್ಚಿಕೊಂಡು ಜೋತುಬಿತ್ತು. ಮುಂದಿನ ಸಾಲಿನಲ್ಲಿದ್ದ ಲವೋನ್ ಪ್ರಾರ್ಥನೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಭಕ್ತಿ ಎಂದು ಕೆಲವರು ಅಂದುಕೊಂಡರು.

ಯಂತ್ರಕ್ಕೆ ಬೀಗ ಬಿತ್ತು. ಅಷ್ಟರಲ್ಲಿ ಎಲ್ಡನ್‌ಗೆ ತಾನು ಯಾರೆಂಬುದು ನೆನಪಾಯಿತು. "ಎಣಿಸೋದು ನನ್ನ ಕೆಲಸ ಅಲ್ವೇ ಅಲ್ಲ," ಎಂದು ನನಗೆ ಹೇಳಿದ. "ಗೋಧಿ ಕಾಳು ಎಣಿಸಿದ್ನಾ ನಾನು? ತೂಗಿದೆ." ಹತ್ತು ಗುಂಡನ್ನು ತಕ್ಕಡಿಗೆ ಹಾಕಿ, ಅದರಿಂದ ನಲವತ್ತರ ತೂಕ ಕಟ್ಟಿದ. ಹದಿನೈದು ಔನ್ಸಿನ ಮೇಲೆ ಚೂರು. ಅಷ್ಟು ತೂಗಿದರೆ ಒಬ್ಬರ ಡಬ್ಬಿ ಆಯಿತು. ಮುಚ್ಚಳ ಹಾಕಿ ಟೇಪು ಸುತ್ತಿ, ಮೇಲೆ ಹೆಸರು ಬರೆದ. ಜನವರಿಯೊಳಗೆ ಆರು ಡಬ್ಬಿ ಸಿದ್ಧ. ಮುಖದಲ್ಲಿ ಹಳೆಯ ಕಳೆ ಬಂತು. ಕೈ ತೊಳೆಯುವಾಗ ಸಿಳ್ಳೆ ಹಾಕುತ್ತಿದ್ದ.

ಆಗ ಗುನ್ನಾರ್ ಬಂದು ಒಂದು ಗುಂಡನ್ನು ಉಗುರಿನಿಂದ ಗೀರಿ, "ತುಂಬಾ ಗಟ್ಟಿ ಇದೆ ಕಣೋ. ಹಳೇ ಬಂದೂಕಿಗೆ ಮೆತ್ತಗಿನ ಸೀಸ ಬೇಕು," ಎಂದ. ಅದೇ ವಾರ ಚಳಿಗೆ ಚರ್ಚಿನ ನೆಲಮಾಳಿಗೆಯ ಪೈಪು ಒಡೆಯಿತು. ನೂರು ವರ್ಷದ ಹಿಂದಿನ ಸೀಸದ ಪೈಪು. ಕಿತ್ತು ಹಾಕಿದ್ದನ್ನೆಲ್ಲ ಪಾಸ್ಟರ್ ಎಲ್ಡನ್‌ಗೆ ಕೊಟ್ಟರು. ಉಳಿದ ಆರು ಡಬ್ಬಿ ಅದರಲ್ಲಿ ತಯಾರಾಯಿತು. ತೂಕ ಅದೇ, ಹದಿನೈದು ಔನ್ಸಿನ ಮೇಲೆ ಚೂರು.

ಜೂನ್ ಬಂತು. ಪಂದ್ಯ ಡ್ರೆಸ್ಕೆಲ್‌ನವರ ಮೈದಾನದಲ್ಲಿ. ನಾನೂ ಲವೋನೂ ಕುರ್ಚಿ ಹಾಕಿಕೊಂಡು ಕೂತು ನೋಡಿದೆವು. ನಮ್ಮವರು ಅಷ್ಟು ಚೆನ್ನಾಗಿ ಹೊಡೆದದ್ದನ್ನು ನಾನು ಕಂಡೇ ಇರಲಿಲ್ಲ. ಕೋಳಿಗಳು ಹೋದವು, ಹಂದಿಗಳು ಹೋದವು. ಟಗರಿಗೆ ಬರುವ ಹೊತ್ತಿಗೆ ಡ್ರೆಸ್ಕೆಲ್‌ನವರ ನಾಯಕ ಹಾರ್ಲನ್ ಪೈಕ್ ತಮಾಷೆ ನಿಲ್ಲಿಸಿ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ. ಅವನು ಸುಮ್ಮನಾಗುವುದು ಅಪರೂಪ.

ಆಗ ಗುನ್ನಾರ್ ಡಬ್ಬಿಯೊಳಗೆ ಬೆರಳು ತೂರಿಸಿ ತಡಕಾಡಿದ. ಡಬ್ಬಿಯನ್ನು ತಲೆಕೆಳಗು ಮಾಡಿದ. ಪಕ್ಕದವನೂ ಮಾಡಿದ. ಆರು ಜನ ಸಾಲಾಗಿ ಡಬ್ಬಿ ಕೊಡವುತ್ತಾ ನಿಂತರು. ಒಬ್ಬೊಬ್ಬರಿಗೂ ಇನ್ನೂ ಎರಡೆರಡು ಟಗರು ಬಾಕಿಯಿತ್ತು, ಗುಂಡು ಒಂದೂ ಇರಲಿಲ್ಲ. ಉಳಿದ ಆರು ಜನ ತಮ್ಮ ನಲವತ್ತನ್ನು ಸರಿಯಾಗಿ ಮುಗಿಸಿ ಕೂತಿದ್ದರು. ಡ್ರೆಸ್ಕೆಲ್‌ನವರ ಗುಂಡು ದಪ್ಪ, ನಮ್ಮ ನಳಿಗೆಗೆ ಇಳಿಯುವುದಿಲ್ಲ.

"ಎಲ್ಡನ್," ಎಂದ ಗುನ್ನಾರ್, "ನಲವತ್ತಿತ್ತಾ ಇದು?"

"ತೂಗಿದ್ದೀನಿ," ಎಂದ ಎಲ್ಡನ್.

"ನಾನು ಕೇಳಿದ್ದು ಅದಲ್ಲ."

ಹನ್ನೆರಡು ಟಗರು ಬಿಸಿಲಲ್ಲಿ ಹಾಗೇ ನಿಂತಿದ್ದವು. ನಾವು ಏಳು ಗುರಿಯ ಅಂತರದಲ್ಲಿ ಸೋತೆವು. ಅದರಲ್ಲಿ ಎಂಟು ಬಿದ್ದಿದ್ದರೂ ಗೆಲುವಿನ ಕಪ್ ನಮ್ಮದಾಗುತ್ತಿತ್ತು.

ಹಾರ್ಲನ್ ಪೈಕ್‌ಗೆ ಮಾತು ವಾಪಸ್ ಬಂತು. ಮಂಗಳವಾರ ಎಲ್ಡನ್ ಹೆಸರಿಗೊಂದು ಪೋಸ್ಟ್‌ಕಾರ್ಡ್ ಬಂತು. ಬೇರೆಯವರ ಅಂಚೆ ಓದಬಾರದು ಎಂಬುದು ನನಗೆ ಗೊತ್ತು. ಆದರೆ ಕಾರ್ಡು ತೆರೆದೇ ಇರುತ್ತದೆ, ಕಣ್ಣೂ ತೆರೆದೇ ಇರುತ್ತದೆ. "ಹನ್ನೆರಡು ಟಗರುಗಳೂ ಕ್ಷೇಮ. ನಿನ್ನನ್ನು ಕೇಳುತ್ತಿರುತ್ತವೆ. ಹಾರ್ಲನ್." ಮುಂದಿನ ವಾರ ಇನ್ನೊಂದು: "ದೊಡ್ಡ ಟಗರಿಗೆ ವಯಸ್ಸಾಯಿತು, ನಿನ್ನ ದಯೆಯಿಂದ ಬದುಕಿದೆ." ಎಂಟು ವಾರ ಬಂದವು. ಕೊನೆಯದರಲ್ಲಿ ಮರಿ ಹಾಕಿದ ಸುದ್ದಿಯಿತ್ತು.

ಅದಕ್ಕೆಲ್ಲ ಎಲ್ಡನ್ ಹೆದರಲಿಲ್ಲ. ಅವನನ್ನು ತಾಗಿದ್ದು ನಮ್ಮೂರ ಕಾಫಿ ಅಂಗಡಿಯ ಮಾತು. "ಹಾಗಾದ್ರೆ ನನ್ನ ಗೋಧಿಯಲ್ಲೂ ನಲವತ್ತಕ್ಕೆ ಎರಡು ಹೋಗಿದ್ಯಾ?" ಎಂದು ಒಬ್ಬ. "ಮೂವತ್ತೊಂದು ವರ್ಷಕ್ಕೆ ಎಷ್ಟಾಯ್ತು ಲೆಕ್ಕ ಹಾಕು," ಎಂದು ಇನ್ನೊಬ್ಬ. ನಗುವಿಗೇ ಹೇಳಿದ್ದು. ಎಲ್ಡನ್ ಕಾಫಿ ಅರ್ಧಕ್ಕೆ ಬಿಟ್ಟು ಎದ್ದ. ಮರುದಿನ ನಾನು ಅಂಚೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ನಿಂತಿದ್ದ.

"ಬರ್ನೀಸ್, ನಿಮ್ಮಪ್ಪನ ಗೋಧಿ ಯಾವತ್ತಾದ್ರೂ ಕಮ್ಮಿ ತೂಗಿದ್ದೆ ಅಂತ ಹೇಳಿದ್ರಾ ಅವರು?"

ನಮ್ಮಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. "ನಮ್ಮಪ್ಪ ನಮ್ಮಮ್ಮನ ಸೂಪಿಗೆ ಬೈದಿದ್ದಾರೆ," ಎಂದೆ. "ನನ್ನ ಗಂಡನಿಗೆ ಬೈದಿದ್ದಾರೆ. ಸಾಯೋ ದಿನ ಡಾಕ್ಟರಿಗೆ ಬೈದ್ರು. ನಿನ್ನ ಚೀಟಿಗೆ ಒಂದು ಸಲಾನೂ ಬೈದಿಲ್ಲ."

ಅವನು ತಲೆಯಾಡಿಸಿದ. ಟೋಪಿ ಹಾಕಿಕೊಂಡು ನೇರ ಶೆಡ್ಡಿಗೆ ಹೋದ.

ಪಂದ್ಯದಲ್ಲಿ ಟಗರುಗಳ ಹಿಂದಿದ್ದ ಮಣ್ಣಿನ ದಿಬ್ಬವನ್ನು ಜರಡಿ ಹಿಡಿದು ಚಪ್ಪಟೆಯಾದ ಗುಂಡುಗಳನ್ನು ಹೆಕ್ಕಲು ಹಾರ್ಲನ್ ಅನುಮತಿ ಕೊಟ್ಟಿದ್ದ, ನಗುವುದಕ್ಕೆ ಇನ್ನೊಂದು ಕಾರಣ ಸಿಕ್ಕಿತೆಂದು. ಎಲ್ಡನ್ ಎರಡು ದಿನ ಅಲ್ಲಿ ಮಂಡಿಯೂರಿ ಕೂತಿದ್ದ. ಮನೆಗೆ ತಂದದ್ದರಲ್ಲಿ ಡ್ರೆಸ್ಕೆಲ್‌ನವರ ದಪ್ಪ ಗುಂಡನ್ನು ಪಕ್ಕಕ್ಕಿಟ್ಟು, ನಮ್ಮವನ್ನು ಒಂದೊಂದಾಗಿ ತೂಗಿದ. ಕೆಲವು ಹಗುರ, ಕೆಲವು ಭಾರ. ಮೇಜಿನ ಮೇಲೆ ಬೀಳಿಸಿದರೆ ಹಗುರದ್ದು ಠಣ್ ಅನ್ನುತ್ತಿತ್ತು, ಭಾರದ್ದು ದಬ್ ಅನ್ನುತ್ತಿತ್ತು. ಅಂಗಿ ಬಿಚ್ಚದೆ, ಕೈ ತೊಳೆಯದೆ, ಲವೋನ್ ಕೂಗುತ್ತಿದ್ದರೂ ಕೇಳದೆ ರಸ್ತೆ ದಾಟಿ ಚರ್ಚಿಗೆ ಹೋದ. ನಾನು ಅಲ್ಲೇ ಹೂವಿನ ಕುಂಡ ಜೋಡಿಸುತ್ತಿದ್ದೆ.

"ಪಾಸ್ಟರ್," ಎಂದ, "ಸಿಕ್ತು. ತಪ್ಪು ನಿಮ್ಮ ಪೈಪಿನದು."

"ಚರ್ಚಿನ ಪೈಪಿನದಾ?"

"ಟೈರಂಗಡಿ ಸೀಸದಲ್ಲಿ, ಅಚ್ಚುಮೊಳೆಯಲ್ಲಿ ಬೇರೆ ಲೋಹ ಸೇರಿರುತ್ತೆ. ಅದಕ್ಕೇ ಹಗುರ. ನಾನು ತೂಕ ಕಟ್ಟಿದ್ದು ಅದರ ಮೇಲೆ. ನಿಮ್ಮದು ಅಪ್ಪಟ ಸೀಸ. ಒಂದೊಂದು ಗುಂಡೂ ಜಾಸ್ತಿ ಭಾರ. ಮೂವತ್ತೆಂಟಕ್ಕೇ ತಕ್ಕಡಿ ಕೂತುಬಿಡ್ತು."

"ಅಂದ್ರೆ ನಾವು ತುಂಬಾ ಶುದ್ಧ ಇದ್ದದ್ದಕ್ಕೆ ಊರು ಸೋತಿತು."

"ಹೂಂ."

"ಭಾನುವಾರ ಇದನ್ನ ಹೇಳ್ಬಹುದಾ ನಾನು?"

"ಹೇಳಿ. ಜೋರಾಗಿ ಹೇಳಿ."

ಭಾನುವಾರ ಅವರು ಹೇಳಿದರು. ಕಾಫಿ ಅಂಗಡಿಯವರು ಅರ್ಧ ಜನ ಅಲ್ಲೇ ಕೂತಿದ್ದರು. ಗೋಧಿಯಲ್ಲಿ ಅಂಥ ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ, ಲಾರಿ ತೂಗುವುದು ಲಾರಿಯನ್ನೇ ತೂಗುವುದು ಎಂದು ಎಲ್ಡನ್ ಹೊರಗೆ ನಿಂತು ಒಬ್ಬೊಬ್ಬರಿಗೂ ವಿವರಿಸಿದ. ಅವನ ವಿವರಣೆ ತಪ್ಪಿಸಿಕೊಳ್ಳಲೆಂದೇ ಎಲ್ಲರೂ ಬೇಗ ಒಪ್ಪಿಕೊಂಡರು.

ಕಾರಣ ಸಿಕ್ಕಿತು ಸರಿ, ಮುಂದಿನ ವರ್ಷಕ್ಕೆ ದಾರಿ ಯಾವುದು? ಎಲ್ಡನ್ ಎರಡು ತಕ್ಕಡಿ, ಎರಡು ಪಟ್ಟಿ, ಕೆಂಪು ನೀಲಿ ಡಬ್ಬಿ ಎಂದೆಲ್ಲ ಕಾಗದದ ಮೇಲೆ ಬರೆಯುತ್ತಿದ್ದ. ಲವೋನ್ ಚರ್ಚಿನ ಊಟಕ್ಕೆಂದು ಬೇಯಿಸಿದ ಮೊಟ್ಟೆಗಳನ್ನು ಅರ್ಧರ್ಧ ಕತ್ತರಿಸಿ, ಮಸಾಲೆ ತುಂಬಿ, ಕುಳಿಯಿರುವ ತಟ್ಟೆಯಲ್ಲಿ ಜೋಡಿಸುತ್ತಿದ್ದಳು. ನಾನು ಕಾಫಿ ಕುಡಿಯುತ್ತಿದ್ದೆ.

"ಎಷ್ಟಾಯ್ತು ಅದು?" ಎಂದು ಎಲ್ಡನ್ ಕೇಳಿದ, ಸುಮ್ಮನೆ.

"ಇಪ್ಪತ್ತು."

"ನೀನು ಎಣಿಸಿದ್ದು ನಾನು ನೋಡಲೇ ಇಲ್ಲ."

"ನಾನ್ಯಾಕೆ ಎಣಿಸ್ಲಿ? ಇಪ್ಪತ್ತು ಕುಳಿ ಇದೆ. ಖಾಲಿ ಇದ್ರೆ ಕಾಣುತ್ತೆ."

ಎಲ್ಡನ್ ಪೆನ್ಸಿಲ್ ಕೆಳಗಿಟ್ಟ. ಅವನು ಮಾತಾಡುವ ಮೊದಲೇ ಲವೋನ್ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. "ಇದು ನಮ್ಮಮ್ಮನದು. ಸೀಸ ಮುಟ್ಟಿದ್ದು ಈ ಅಡುಗೆಮನೆಗೆ ವಾಪಸ್ ಬರಂಗಿಲ್ಲ."

ಹಲಗೆಯೊಂದನ್ನು ತಂದು ಅವನೇ ಕುಳಿ ಕೊರೆದ. ನನ್ನನ್ನು ಕರೆದು ತೋರಿಸಿದ. ನಾನು ನೋಡಿದೆ, ಇನ್ನೊಮ್ಮೆ ನೋಡಿದೆ.

"ಎಲ್ಡನ್, ಮೂವತ್ತೊಂಬತ್ತಿದೆ."

ಅವನು ಹಲಗೆಯನ್ನು ಲವೋನ್ ಬಳಿ ಒಯ್ದ. ಅವಳು ಹೊಸ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಗೆರೆ ಎಳೆದು, ಗೆರೆಗೆ ಹತ್ತು ಚುಕ್ಕಿ ಇಟ್ಟು, ಪಕ್ಕದಲ್ಲಿ ಕೋಳಿ, ಹಂದಿ, ಟರ್ಕಿ, ಟಗರು ಎಂದು ಬರೆದಳು. ಹಂದಿಯ ಚಿತ್ರವನ್ನೂ ಬಿಡಿಸಿದಳು. ಅವನು ಚುಕ್ಕಿ ಇದ್ದಲ್ಲಿ ಕೊರೆದ.

ಆಮೇಲೆ ಶೆಡ್ಡಿನಲ್ಲಿ ಶಾಂತಿ. ನಾನು ಬಾಗಿಲಲ್ಲಿ ನಿಂತು ಏನು ಬೇಕಾದರೂ ಮಾತಾಡಬಹುದಿತ್ತು, ಅವನೂ ಮಾತಾಡುತ್ತಲೇ ಎರಕ ಹೊಯ್ಯುತ್ತಿದ್ದ. ತಣ್ಣಗಾದ ಒಳ್ಳೆಯ ಗುಂಡು ಕುಳಿಗೆ, ಸುಕ್ಕು ಬಿದ್ದದ್ದು ಪಾತ್ರೆಗೆ. ಹಲಗೆ ತುಂಬಿದರೆ ಒಂದು ಡಬ್ಬಿ. ಮಾರ್ಚ್ ತಿಂಗಳಿಗೆ ಹನ್ನೆರಡು ಡಬ್ಬಿಯೂ ಮುಗಿಯಿತು. ಗುನ್ನಾರ್ ಮಾತ್ರ ತನ್ನ ಡಬ್ಬಿಯ ಟೇಪು ಬಿಚ್ಚಿ, ಎಲ್ಡನ್ ಎದುರಿಗೇ ಒಂದೊಂದಾಗಿ ಎಣಿಸಿದ. ನಲವತ್ತು. "ಇನ್ನೊಂದ್ಸಲ ಎಣಿಸ್ತೀನಿ, ಬೇಜಾರಿಲ್ಲ ತಾನೇ?" ಎಂದ. "ಎಣಿಸು, ನಾನು ಕೂತಿರ್ತೀನಿ," ಎಂದು ಎಲ್ಡನ್ ಕುರ್ಚಿ ಎಳೆದುಕೊಂಡ.

ಆ ಜೂನ್‌ನಲ್ಲಿ ಗಾಳಿ ಅಡ್ಡಡ್ಡ ಬೀಸುತ್ತಿತ್ತು. ನಮ್ಮವರು ನಾನೂರ ಎಂಬತ್ತು ಗುಂಡನ್ನೂ ಹಾರಿಸಿದರು. ಒಂದೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ಹತ್ತೊಂಬತ್ತರ ಅಂತರದಲ್ಲಿ ಸೋತೆವು. ಗುನ್ನಾರ್ ಗಾಳಿಯನ್ನು ಬೈದ, ಇನ್ನೊಬ್ಬ ಹೊಸ ಕನ್ನಡಕವನ್ನು ಬೈದ, ಮತ್ತೊಬ್ಬ ಬೆಳಿಗ್ಗೆ ತಿಂದ ಸಾಸೇಜನ್ನು ಬೈದ. ಎಲ್ಡನ್‌ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಹಾರ್ಲನ್ ಪೈಕ್ ಬಂದು ಅವನ ಕೈ ಕುಲುಕಿ, "ಗುಂಡು ಸರಿಯಾಗಿತ್ತು ಬಿಡು," ಎಂದ, ಒಂಚೂರು ನಿರಾಸೆಯಿಂದ.

ಮನೆಗೆ ಹೋಗುವ ದಾರಿಯಲ್ಲಿ ಎಲ್ಲರೂ ಮುಖ ಇಳಿಬಿಟ್ಟುಕೊಂಡು ಹೆದ್ದಾರಿಯ ಹೋಟೆಲಿನಲ್ಲಿ ಇಳಿದರು. ಎಲ್ಡನ್ ಒಬ್ಬನೇ ಗೆದ್ದವನಂತಿದ್ದ. ಚೆರ್ರಿ ಹಣ್ಣಿನ ಪೈ ತರಿಸಿ, ತಿಂದು, ಇನ್ನೊಂದು ತುಂಡು ತರಿಸಿದ. ಗುನ್ನಾರ್ ಅವನನ್ನು ದುರುಗುಟ್ಟಿ ನೋಡಿದ.

"ಸೋತಿದ್ದೀವಿ ಕಣೋ ಎಲ್ಡನ್."

"ಗೊತ್ತು," ಎಂದ ಎಲ್ಡನ್, ಬಾಯಿ ಒರೆಸಿಕೊಳ್ಳುತ್ತಾ. "ಕ್ರೀಮ್ ಆ ಕಡೆ ಇದೆ, ಸ್ವಲ್ಪ ಈ ಕಡೆ ತಳ್ಳು."